ಕುಲುಮೆಗೆ ಹೊಸ ಒಕ್ಕಲು

ಆಯುಧಪೂಜೆಯ ದಿನ ಹಾಸನ ಸೀಮೆಯ ಹಳ್ಳಿಮನೆಗಳ ಜಗುಲಿಯಲ್ಲಿ ಕಬ್ಬಿಣದ ಸಾಮಾನೆಲ್ಲ ಸಾಲಾಗಿ ಕೂರುತ್ತದೆ. ಗುದ್ದಲಿ, ಕುಡುಗೋಲು, ಮಚ್ಚು, ಹಾರೆಗಳ ಜೊತೆಗೆ ತಾತನ ಕಾಲದ ಬಾಚಿ, ಬೈರಿಗೆ, ಉಜ್ಜುಗೊರಡು, ಕಾವು ಕಳಚಿದ ಕೊಡಲಿ. ಟ್ರ್ಯಾಕ್ಟರಿಗೆ ಹೂವಿನ ಹಾರ ಬಿದ್ದ ಹಾಗೆಯೇ ಇವಕ್ಕೂ ಕುಂಕುಮ ಬೀಳುತ್ತದೆ. ಹಬ್ಬ ಕಳೆದ ಮೇಲೆ ಗುದ್ದಲಿ, ಕುಡುಗೋಲು ಹೊಲಕ್ಕೆ ಹೋಗುತ್ತವೆ. ಬಾಚಿ, ಬೈರಿಗೆ ಮತ್ತೆ ಅಟ್ಟ ಸೇರುತ್ತವೆ. ಅಟ್ಟದ ಮೇಲಿನ ಆ ಗಂಟಿನಲ್ಲಿ ಎಂಥ ಒಳ್ಳೆಯ ಉಕ್ಕು ಮಲಗಿದೆ ಎಂಬುದು ಮನೆಯವರಿಗೇ ಗೊತ್ತಿರುವುದಿಲ್ಲ.

ಈಚೆಗೆ ಈ ಅಟ್ಟಗಳಿಗೆ ಏಣಿ ಹಾಕುವವರು ಹುಟ್ಟಿಕೊಂಡಿದ್ದಾರೆ. ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನಲ್ಲೇ ಕೂತು ಮಾಡುವ ಹುಡುಗರು, ನಿವೃತ್ತ ಮೇಷ್ಟ್ರುಗಳು, ಎಂಜಿನಿಯರಿಂಗ್ ಓದುತ್ತಿರುವವರು. ಭಾನುವಾರ ಬಂತೆಂದರೆ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಒಲೆ, ಒಂದು ಬ್ಲೋವರ್, ಒಂದು ಸುತ್ತಿಗೆ. ಹೊಟ್ಟೆಪಾಡಿಗಲ್ಲ, ಕೈಯಾರೆ ಒಂದು ಸಾಮಾನು ಮಾಡಿದ ಸಂತೋಷಕ್ಕೆ ಕಬ್ಬಿಣ ಬಡಿಯುವವರು ಇವರು. ಅಮೆರಿಕದಲ್ಲಿ ಇಂಥವರೆಲ್ಲ ಸೇರಿ 1973ರಲ್ಲೇ ‘ಆರ್ಟಿಸ್ಟ್-ಬ್ಲ್ಯಾಕ್‌ಸ್ಮಿತ್ಸ್ ಅಸೋಸಿಯೇಷನ್ ಆಫ್ ನಾರ್ತ್ ಅಮೆರಿಕ’ ಎಂಬ ಸಂಘ ಕಟ್ಟಿಕೊಂಡರು. ಅಲ್ಲಿ ಅಷ್ಟು ಹೊತ್ತಿಗೆ ಹಳ್ಳಿಯ ಕಮ್ಮಾರ ಹೆಚ್ಚುಕಡಿಮೆ ಕಣ್ಮರೆಯಾಗಿದ್ದ. ಉಳಿದಿದ್ದ ಕೆಲವೇ ಮುದುಕರನ್ನು ಹುಡುಕಿಕೊಂಡು ಹೋಗಿ, ಪುಸ್ತಕ ತಿರುವಿ, ಕಳೆದುಕೊಂಡ ವಿದ್ಯೆಯನ್ನು ಅವರು ಮತ್ತೆ ಕಲಿಯಬೇಕಾಯಿತು. ನಮಗೆ ಆ ಗತಿ ಇನ್ನೂ ಬಂದಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಬೆಂಕಿ ಆರದ ಕುಲುಮೆಗಳು ಇನ್ನೂ ಇವೆ. ಹವ್ಯಾಸಕ್ಕೆಂದು ಸುತ್ತಿಗೆ ಹಿಡಿಯುವವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಈ ನೆಲದಲ್ಲಿ ಕುಲುಮೆಯಿಲ್ಲದೆ ಏನೂ ಆಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ ಸುಮಾರು 58 ಅಡಿ ಎತ್ತರದ ಗ್ರಾನೈಟು. ಗ್ರಾನೈಟಿನ ಮೇಲೆ ಚಾಣದ ಮೊನೆ ಬಹಳ ಹೊತ್ತು ನಿಲ್ಲುವುದಿಲ್ಲ, ಮತ್ತೆ ಮತ್ತೆ ಕಾಯಿಸಿ, ಬಡಿದು, ಹದ ಕೊಡಬೇಕು. ಇವತ್ತಿಗೂ ಕೈಯಿಂದ ಕಲ್ಲು ಒಡೆಯುವ ಕಡೆ ಪಕ್ಕದಲ್ಲೇ ಒಂದು ಪುಟ್ಟ ಕುಲುಮೆ ಉರಿಯುವುದು ಇದಕ್ಕಾಗಿ. ಇಂದ್ರಗಿರಿಯ ನೆತ್ತಿಯಲ್ಲಿ ಕಲ್ಲುಕುಟಿಗರ ಬೆನ್ನಿಗೆ ಎಷ್ಟು ಮಂದಿ ಕಮ್ಮಾರರು ನಿಂತಿದ್ದಿರಬೇಕು! ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮರ ಹೆಸರು ನಮಗೆ ಗೊತ್ತು. ಅವರ ಉಳಿಗಳಿಗೆ ಹದ ಕೊಟ್ಟವರ ಹೆಸರು ಯಾವ ಕಲ್ಲಿನಲ್ಲೂ ಕಾಣುವುದಿಲ್ಲ.

ಊರಿನ ಮಟ್ಟಕ್ಕೆ ಬಂದರೆ, ಪ್ರತಿ ಕುಲುಮೆಗೂ ಇಂತಿಷ್ಟು ಒಕ್ಕಲು ಎಂದಿರುತ್ತಿತ್ತು. ಆಚಾರಿ ವರ್ಷವಿಡೀ ಆ ಮನೆಗಳ ನೇಗಿಲಿನ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದು ಕೊಡುವುದು, ಸುಗ್ಗಿಯಲ್ಲಿ ಕಣದಿಂದ ಆಯದ ರಾಗಿ, ಭತ್ತ ಅವನ ಮನೆಗೆ ಹೋಗುವುದು. ಈ ಏರ್ಪಾಟು ಒಂದೇ ಸಲ ಮುರಿಯಲಿಲ್ಲ. ಮೈಸೂರು ಸಂಸ್ಥಾನ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುಮಾಡಿತು. ಹಾಸನದಲ್ಲೇ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿ ಎಂಬ ಸರ್ಕಾರಿ ಕಾರ್ಖಾನೆ ವ್ಯವಸಾಯದ ಸಲಕರಣೆಗಳನ್ನು ತಯಾರಿಸತೊಡಗಿತು. ಟಾಟಾ ಅಗ್ರಿಕೊ ಸಲಿಕೆ, ಪಿಕಾಸಿಗಳು ಅಂಗಡಿಗೆ ಬಂದವು. ಆಮೇಲೆ ಟ್ರ್ಯಾಕ್ಟರ್ ಬಂದು ನೇಗಿಲು ಮೂಲೆ ಸೇರಿತು, ಗಾಡಿಗೆ ಟೈರು ಬಂತು. ಒಕ್ಕಲು ಒಂದೊಂದಾಗಿ ಕಳಚಿಕೊಂಡಿತು.

ಆದರೂ ಕುಲುಮೆ ಸಾಯಲಿಲ್ಲ. ಕಾರ್ಖಾನೆ ಎಲ್ಲ ಊರಿಗೂ ಒಂದೇ ಅಚ್ಚಿನ ಗುದ್ದಲಿ ಮಾಡುತ್ತದೆ, ಊರಿನ ಮಣ್ಣು ಒಂದೇ ತೆರನಾಗಿರುವುದಿಲ್ಲ. ಅರಕಲಗೂಡು ಕಡೆ ಶುಂಠಿ ಕೀಳುವವನಿಗೆ ಬೇಕಾದ ಗುದ್ದಲಿಯ ಬಾಗು ಬೇರೆ, ಹಾಸನದ ಆಲೂಗೆಡ್ಡೆ ಸಾಲಿಗೆ ಬೇಕಾದದ್ದು ಬೇರೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ನೆಲಕ್ಕೆ ನೆಟ್ಟು ಕಾಯಿ ಸುಲಿಯುವ ಹಾರೆಯ ಎತ್ತರ, ಮೊನೆಯ ಅಗಲ ಸುಲಿಯುವವನ ಆಳ್ತನಕ್ಕೆ ತಕ್ಕಂತೆ ಇರಬೇಕು. ಇದನ್ನು ಕೇಳಿ ಮಾಡಿಕೊಡುವವನು ಆಚಾರಿ ಮಾತ್ರ.

ಸಾಮಾನು ಎಲ್ಲಿ ಸಿಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಅಟ್ಟ ಆದಮೇಲೆ ಗುಜರಿ ಅಂಗಡಿ. ಹಾಸನದ ಗುಜರಿಗಳಲ್ಲಿ ತೂಕಕ್ಕೆ ಬಿದ್ದಿರುವ ರಾಶಿಯನ್ನು ತಾಳ್ಮೆಯಿಂದ ಕೆದಕಿದರೆ ಸುತ್ತಿಗೆಯ ತಲೆ, ಬೆಂಚ್ ವೈಸ್, ಮೊಂಡಾದ ಅರ, ಒಮ್ಮೊಮ್ಮೆ ಕಬ್ಬಿಣದ ಉಜ್ಜುಗೊರಡೂ ಕೈಗೆ ಹತ್ತುತ್ತದೆ. ಬಡಗಿ ಕೆಲಸ ಬಿಟ್ಟ ಮನೆಗಳಲ್ಲಿ ಉಳಿಗಳ ಪೆಟ್ಟಿಗೆಯೇ ಇರುತ್ತದೆ. ಅದನ್ನು ಗುಜರಿಯ ಬೆಲೆಗೆ ಕೇಳುವುದು ತಪ್ಪು, ಆ ಪೆಟ್ಟಿಗೆಯಿಂದ ಒಂದು ಸಂಸಾರ ಬದುಕಿದೆ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆ, ರಾಮನಾಥಪುರದ ಷಷ್ಠಿ ಜಾತ್ರೆಗಳಿಗೆ ಹೋದಾಗಲೂ ಕಬ್ಬಿಣದ ಸಾಮಾನಿನ ಕಡೆ ಒಂದು ಕಣ್ಣಿರಲಿ.

ಹೊಸ ಸಾಮಾನು ಮಾಡಲು ಯಾವ ಕಬ್ಬಿಣ? ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿಯಿಂದ ಉಳಿ ಮಾಡಲು ಹೊರಡುವವರೇ ಹೆಚ್ಚು. ಅದರಲ್ಲಿ ಇಂಗಾಲ ಶೇ 0.3ರ ಒಳಗೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಉಳಿಗೆ ಬೇಕಾದ ಗಡಸು ಬರುವುದಿಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಶೇ 0.6ರ ಆಸುಪಾಸು. ನಮ್ಮ ಆಚಾರಿಗಳು ಮಚ್ಚಿಗೂ ಕತ್ತಿಗೂ ಅದನ್ನೇ ಹಿಡಿದಿರುವುದಕ್ಕೆ ಕಾರಣ ಇದು. ಹಳೆಯ ಅರದಲ್ಲಿ ಇಂಗಾಲ ಶೇ 1ರ ಸುಮಾರಿಗೆ ಇರುತ್ತದೆ, ಸಣ್ಣ ಉಳಿಗಳಿಗೆ ಹೇಳಿ ಮಾಡಿಸಿದ ಉಕ್ಕು. ಗುರುತು ಸಿಗದ ತುಂಡನ್ನು ಸಾಣೆಚಕ್ರಕ್ಕೆ ಮುಟ್ಟಿಸಿ ಕಿಡಿ ನೋಡಬೇಕು. ಮೆದು ಕಬ್ಬಿಣದ ಕಿಡಿ ಉದ್ದವಾಗಿ, ನೇರವಾಗಿ ಹಾರುತ್ತದೆ. ಉಕ್ಕಿನ ಕಿಡಿ ಗಿಡ್ಡ, ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಜಿಐ ಪೈಪು, ತಗಡನ್ನು ಎಂದೂ ಕುಲುಮೆಗೆ ಇಡಬೇಡಿ. ಅದರ ಮೇಲಿನ ಸತು ಹೊಗೆಯಾಗಿ ಎದೆಗೆ ಇಳಿದರೆ ಚಳಿಜ್ವರ ಬಂದು ಮಲಗಿಸುತ್ತದೆ.

ಅಡಿಗಲ್ಲಿಗಾಗಿ ಸಾವಿರಾರು ರೂಪಾಯಿ ಕೊಟ್ಟು ಕೊಂಬಿರುವ ವಿದೇಶಿ ಮಾದರಿಯನ್ನು ಆನ್‌ಲೈನ್‌ನಲ್ಲಿ ತರಿಸಬೇಕಿಲ್ಲ. ನಮ್ಮ ಕುಲುಮೆಯ ಅಡಿಗಲ್ಲು ಮರದ ದಿಮ್ಮಿಗೆ ಹುಗಿದ ಒಂದು ಕಬ್ಬಿಣದ ಗಟ್ಟಿ, ಅಷ್ಟೆ. ಅದರ ಮೇಲೆಯೇ ಊರಿಗೆಲ್ಲ ಬೇಕಾದದ್ದು ಆಗಿದೆ. ಹಳಿಯ ತುಂಡು ಒಳ್ಳೆಯ ಅಡಿಗಲ್ಲಾಗುತ್ತದೆ, ನಿಜ. ಆದರೆ ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. ರಸೀದಿ ಇಲ್ಲದ ಹಳಿಯನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಲಾರಿಯ ಆಕ್ಸಲ್ ತುಂಡನ್ನು ನೆಟ್ಟಗೆ ನಿಲ್ಲಿಸಿ ದಿಮ್ಮಿಗೆ ಹುಗಿದರೆ ಸಣ್ಣ ಕೆಲಸಕ್ಕೆಲ್ಲ ಸಾಕು. ಬೆಂಕಿಗೆ ತೆಂಗಿನ ಚಿಪ್ಪಿನ ಇದ್ದಿಲು ಚೆನ್ನಾಗಿ ಒದಗುತ್ತದೆ. ಚನ್ನರಾಯಪಟ್ಟಣದಲ್ಲಿ ಚಿಪ್ಪಿಗೇನು ಬರ?

ಹಳೆಯ ಸಾಮಾನನ್ನು ಸರಿಮಾಡುವ ಕೆಲಸದಲ್ಲಿ ಅವಸರವೇ ದೊಡ್ಡ ಶತ್ರು. ತುಕ್ಕು ತಿಂದ ಬಾಚಿಯೊಂದು ಸಿಕ್ಕಿತೆನ್ನಿ. ಗ್ರೈಂಡರ್ ಹಚ್ಚಿ ಉಜ್ಜಿದರೆ ಐದು ನಿಮಿಷದಲ್ಲಿ ಪಳಪಳ ಹೊಳೆಯುತ್ತದೆ. ಆ ಐದು ನಿಮಿಷದಲ್ಲಿ ಅದರ ಬಾಯಿ ಬಿಸಿಯಾಗಿ ನೀಲಿಗೆ ತಿರುಗಿತೋ, ಹಿಂದೆ ಯಾರೋ ಕೊಟ್ಟಿದ್ದ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಅದರ ಬದಲು ಒಂದು ಪ್ಲಾಸ್ಟಿಕ್ ಬಕೆಟ್ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡ ಕದಡಿ, ಹಳೆಯ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಬಾಚಿಗೆ, ಧನ ತಂತಿಯನ್ನು ಒಂದು ಕಬ್ಬಿಣದ ಚೂರಿಗೆ ಸಿಕ್ಕಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿಟ್ಟರೆ ರಾತ್ರಿ ಕಳೆಯುವುದರಲ್ಲಿ ತುಕ್ಕು ಸಡಿಲವಾಗಿ ಬ್ರಷ್ಷಿಗೆ ಕಳಚಿಕೊಳ್ಳುತ್ತದೆ, ಕೆಳಗಿನ ಉಕ್ಕಿಗೆ ಏನೂ ಆಗುವುದಿಲ್ಲ. ಇದನ್ನು ಬಯಲಿನಲ್ಲೇ ಮಾಡಬೇಕು, ಜಲಜನಕ ಹೊರಡುತ್ತದೆ. ಧನ ತಂತಿಗೆ ಸ್ಟೀಲ್ ಚಮಚವನ್ನಂತೂ ಸಿಕ್ಕಿಸಲೇಬಾರದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ತೊಳೆದು ಒಣಗಿಸಿ, ಒಂದು ಹನಿ ಎಣ್ಣೆ ಸವರಿ, ಬಾಯನ್ನು ಕೈಯಿಂದ ಕಲ್ಲಿನ ಮೇಲೆ ಮಸೆಯಿರಿ. ಕಾವಿಗೆ ಕರಿಜಾಲಿ ಅಥವಾ ದಿಂಡಿಗದ ಒಣಗಿದ ತುಂಡು ಹುಡುಕಿ. ಹಸಿ ಮರದ ಕಾವು ಬೇಸಿಗೆಗೆ ಕುಗ್ಗಿ ಬಾಚಿಯ ತಲೆ ಹಾರಿಹೋಗುತ್ತದೆ.

ಇಷ್ಟನ್ನು ಯಾರಾದರೂ ಓದಿ ಕಲಿಯಬಹುದು. ಹದ ಹಾಗಲ್ಲ. ಹೊಳೆನರಸೀಪುರದ ಕಡೆಯ ಒಂದು ಕುಲುಮೆಯಲ್ಲಿ ಉಳಿಗೆ ಹದ ಕೊಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಆಚಾರಿ ಉಳಿಯ ಬಾಯನ್ನು ಇದ್ದಿಲಿನೊಳಗೆ ತೂರಿಸಿ, ಕೆಂಡಗೆಂಪು ಬರುವವರೆಗೆ ಮಾತೇ ಆಡಲಿಲ್ಲ. ಒಳಗೆ ಬೆಳಕು ಕಡಿಮೆ. ಕಿಟಕಿಗೆ ಗೋಣಿಚೀಲ ಕಟ್ಟಿದ್ದು ಚಳಿಗಲ್ಲ, ಬಿಸಿಲು ಬಿದ್ದರೆ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆಂದು. ಇಕ್ಕಳದಲ್ಲಿ ಎತ್ತಿ ತುದಿಯ ಒಂದು ಅಂಗುಲವನ್ನಷ್ಟೇ ನೀರಿಗೆ ಇಳಿಸಿ, ಮೇಲೆ ಕೆಳಗೆ ಆಡಿಸುತ್ತ ಹಿಡಿದರು. ತೆಗೆದವರೇ ಇಟ್ಟಿಗೆ ಚೂರಿಗೆ ಎರಡು ಸಲ ಉಜ್ಜಿದರು. ಕಪ್ಪು ಹೋಗಿ ಬೆಳ್ಳಗಿನ ಉಕ್ಕು ಕಂಡಿತು. ಹಿಂಬದಿಯಲ್ಲಿ ಉಳಿದಿದ್ದ ಕಾವು ಬಾಯಿಯತ್ತ ಹರಿಯತೊಡಗಿದಂತೆ ಮೊದಲು ತೆಳುಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ನೀಲಿ ಒಂದರ ಹಿಂದೊಂದು ಸರಿದು ಬಂದವು. ಅದ್ದಬಹುದಲ್ಲ ಆಚಾರ್ರೇ ಎಂದೆ. ‘ತಡೀರಿ ಸಾ, ಹಳದಿ ಬಾಯಿಗ್ ಬರ್ಲಿ’ ಎಂದರು. ಬಂದ ಗಳಿಗೆಯಲ್ಲೇ ಉಳಿ ಪೂರ್ತಿ ನೀರಿನೊಳಗಿತ್ತು.

ಲೋಹಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆಲ್ಲ ಅಂಕಿಗಳಿವೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಇದ್ದಿಲಿನಿಂದ ಹೊರತೆಗೆದು ಅಯಸ್ಕಾಂತ ಮುಟ್ಟಿಸಿ, ಹಿಡಿಯದೆ ಹೋದಾಗ ಇನ್ನೊಂದಿಷ್ಟು ಕಾಯಿಸಿ ಅದ್ದುವುದು ಹೊಸಬರಿಗೆ ಸುಲಭದ ದಾರಿ. ತೆಳುಹಳದಿ ಎಂದರೆ 220-230 ಡಿಗ್ರಿ, ಮರದ ಉಳಿಗೆ ಸರಿ. ನೇರಳೆ ಎಂದರೆ 280ರ ಹತ್ತಿರ, ಕಬ್ಬಿಣ ಕತ್ತರಿಸುವ ಉಳಿಗೆ. ನೀಲಿ 300ರ ಸುಮಾರು, ಬಾಗಿ ನಿಲ್ಲಬೇಕಾದ ಕಮಾನಿಗೆ. ಗೋಣಿಚೀಲದ ಕತ್ತಲಲ್ಲಿ ಕೂತ ಆಚಾರಿಗೆ ಡಿಗ್ರಿಯ ಅಂಕಿ ಬೇಕಿಲ್ಲ, ಬಣ್ಣ ಸರಿಯುವ ವೇಗ ನೋಡಿಯೇ ಒಳಗಿನ ಕಾವು ಎಷ್ಟಿದೆಯೆಂದು ಹೇಳುತ್ತಾರೆ. ಯಾವ ವಿಡಿಯೊದಲ್ಲೂ ಆ ಬಣ್ಣ ಇದ್ದ ಹಾಗೆ ಕಾಣುವುದಿಲ್ಲ, ಕ್ಯಾಮೆರಾ ಅದನ್ನು ತನಗೆ ಬೇಕಾದಂತೆ ತಿದ್ದಿಬಿಡುತ್ತದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಸುತ್ತಿಗೆ ಮತ್ತು ಸಲಕರಣೆ ಮಾಡುವವರದ್ದು ಪ್ರತ್ಯೇಕವಾಗಿಯೇ ಇದೆ. ತರಬೇತಿ, ಕಡಿಮೆ ಬಡ್ಡಿಯ ಸಾಲ, ಸಲಕರಣೆಗೆಂದು 15,000 ರೂಪಾಯಿ ನೆರವು. ಒಳ್ಳೆಯದೇ, ಅರ್ಹರು ಬಿಡದೆ ಪಡೆಯಬೇಕು. ಆದರೆ ನಾನು ಕಂಡ ಆಚಾರಿಗಳಿಗೆ ಕೊರತೆಯಾಗಿರುವುದು ಸಲಕರಣೆಯಲ್ಲ, ಕೆಲಸ ತರುವ ಒಕ್ಕಲು. ಮಗ ಕುಲುಮೆ ಬಿಟ್ಟು ವೆಲ್ಡಿಂಗ್ ಶಾಪಿಗೋ ಬೆಂಗಳೂರಿಗೋ ಹೋಗಿರುತ್ತಾನೆ. ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ, ಬೆವರಿಗೆ ತಕ್ಕ ಕಾಸು ಹುಟ್ಟದ ಕಡೆ ಯಾರು ನಿಲ್ಲುತ್ತಾರೆ? ಹವ್ಯಾಸದವರು ನಾಲ್ಕು ಕಾಸು ಇರುವವರು. ಒಂದು ಜೊತೆ ಉಳಿ, ಅಡುಗೆಮನೆಗೆ ಈಳಿಗೆ, ಕೈತೋಟಕ್ಕೆ ಗುದ್ದಲಿ, ಮನೆಬಾಗಿಲಿಗೆ ಚಿಲಕ, ಒಲೆಗೆ ಇಕ್ಕಳ ಎಂದು ಇವರು ಹೇಳಿ ಮಾಡಿಸಿಕೊಳ್ಳತೊಡಗಿದರೆ ಕುಲುಮೆಗೆ ಹೊಸ ಒಕ್ಕಲು ಸಿಕ್ಕಂತಾಗುತ್ತದೆ, ಇವರಿಗೆ ಗುರು ಸಿಕ್ಕಂತಾಗುತ್ತದೆ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳು, ಐಟಿಐಗಳು ತಮ್ಮ ವರ್ಕ್‌ಶಾಪ್ ತರಗತಿಗೆ ತಿಂಗಳಿಗೊಮ್ಮೆ ಒಬ್ಬ ಆಚಾರಿಯನ್ನು ಸಂಭಾವನೆ ಕೊಟ್ಟು ಕರೆಸಲಿ. ಅದಕ್ಕೆ ಹೊಸ ಕಟ್ಟಡವೂ ಬೇಡ, ಸುತ್ತೋಲೆಯೂ ಬೇಡ.

ನಿಮ್ಮ ಊರಿನ ಆಚೀಚೆ ಒಂದು ಕುಲುಮೆ ಇದ್ದರೆ ಈ ವಾರವೇ ಹೋಗಿಬನ್ನಿ. ಬೆಂಕಿ ಹೊತ್ತಿಸುವ ಬೆಳಗಿನ ಹೊತ್ತಿಗೆ ಹೋಗಿ, ಕಾಲಿಗೆ ಚರ್ಮದ ಚಪ್ಪಲಿ, ಮೈಗೆ ಹತ್ತಿ ಬಟ್ಟೆ ಇರಲಿ, ನೈಲಾನ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಕೈಯಲ್ಲಿ ಒಂದು ಮೊಂಡು ಉಳಿಯೋ ಮಚ್ಚೋ ಇರಲಿ. ಫೋನನ್ನು ಜೇಬಿನಲ್ಲಿಟ್ಟು, ಅವರು ಹೇಳಿದರೆ ತಿದಿ ಒತ್ತಿ ಅಥವಾ ಬ್ಲೋವರ್ ತಿರುಗಿಸಿ. ಎದ್ದು ಬರುವಾಗ ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ, ಮುಂದಿನ ಭಾನುವಾರದ ಕೆಲಸವನ್ನೂ ಹೇಳಿ ಬನ್ನಿ.