ಮೂವತ್ತು ವರ್ಷದ ನೌಕರಿ, ನಲವತ್ತೈದು ವರ್ಷದ ದುಡಿಮೆ

ಮುಂಬಯಿಯ ಪೊಲೀಸ್ ಪೇದೆ ವರ್ಷಕ್ಕೆ ಎಷ್ಟು ತಾಸು ಡ್ಯೂಟಿಯಲ್ಲಿರುತ್ತಾನೆ? ಕಾಯ್ದೆಯ ಪ್ರಕಾರ, ರಜೆಯ ದಿನ ಬಿಟ್ಟರೆ, ದಿನದ 24 ತಾಸೂ. 1951ರ ಬಾಂಬೆ ಪೊಲೀಸ್ ಕಾಯ್ದೆಗೆ ಈಗ ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಎಂದು ಹೆಸರು. ರಜೆಯಲ್ಲೂ ಇಲ್ಲದ, ಅಮಾನತಿನಲ್ಲೂ ಇಲ್ಲದ ಪೊಲೀಸ್ ಸದಾಕಾಲ ಕರ್ತವ್ಯದಲ್ಲಿದ್ದಾನೆ ಎಂದೇ ಭಾವಿಸತಕ್ಕದ್ದು ಎನ್ನುತ್ತದೆ ಅದರ 28ನೇ ಕಲಮು. ಒಂದು ಕಾಲಕ್ಕೆ ಇದೇ ಕಾಯ್ದೆ ನಮ್ಮ ಬೆಳಗಾವಿ, ಧಾರವಾಡಗಳಲ್ಲೂ ಜಾರಿಯಲ್ಲಿತ್ತು.

ಕಾಗದದ ಮಾತು ಬಿಡಿ, ಠಾಣೆಯ ಲೆಕ್ಕಕ್ಕೆ ಬನ್ನಿ. ಮುಂಬಯಿಯಲ್ಲಿ ಬಹುಕಾಲ ರೂಢಿಯಲ್ಲಿದ್ದದ್ದು 12 ತಾಸಿನ ಪಾಳಿ. ಎಂಟು ತಾಸಿಗಿಂತ ದಿನಕ್ಕೆ ನಾಲ್ಕು ಹೆಚ್ಚು. ವಾರಕ್ಕೆ ಆರು ದಿನ, 52 ವಾರ ಎಂದು ಹಿಡಿದರೆ 1,248 ತಾಸು. ಎಂಟು ತಾಸಿನ ದಿನಗಳಾಗಿ ಒಡೆದರೆ 156 ದಿನ, ಅಂದರೆ ಸರಿಯಾಗಿ 26 ವಾರ. ವರ್ಷದಲ್ಲಿ ಒಂದೂವರೆ ವರ್ಷದ ಕೆಲಸ! ಮೂವತ್ತು ವರ್ಷ ಹೀಗೇ ದುಡಿದು ನಿವೃತ್ತನಾದವನು ನಿಜಕ್ಕೂ ಮಾಡಿರುವುದು 45 ವರ್ಷದ ನೌಕರಿ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಡಿಸುತ್ತಿತ್ತು. ಆ ದರದಲ್ಲಿ 1,248 ತಾಸಿಗೆ ಸಿಗಬೇಕಾದದ್ದು 2,496 ತಾಸಿನ ಹಣ: ಪೂರಾ ಒಂದು ವರ್ಷದ ಸಂಬಳ. ಆದರೆ ಆ ಕಾಯ್ದೆ ಪೊಲೀಸರಿಗೆ ಅನ್ವಯಿಸುತ್ತಿರಲಿಲ್ಲ.

ಇದು ಮಾಮೂಲಿ ದಿನಗಳ ಮಾತು. ಗಣೇಶ ವಿಸರ್ಜನೆಯ ದಿನವಾದ ಅನಂತ ಚತುರ್ದಶಿಗೆ ನಗರದಲ್ಲಿ ಬಂದೋಬಸ್ತಿಗೆ ನಿಲ್ಲುವವರು ಇಪ್ಪತ್ತು ಸಾವಿರ ಮೀರುತ್ತಾರೆ. ಲಾಲ್‌ಬಾಗ್‌ಚಾ ರಾಜ ಗಣಪತಿಯ ಮೆರವಣಿಗೆ ಗಿರ್‌ಗಾಂವ್ ಚೌಪಾಟಿ ಮುಟ್ಟಲು 20 ತಾಸಿಗೂ ಹೆಚ್ಚು ಬೇಕು. ಹಗ್ಗ ಹಿಡಿದು ಜನರನ್ನು ತಡೆಯುವ ಪೇದೆಯ ಮನೆ ವಿರಾರ್‌ನಲ್ಲಿದ್ದರೆ, ಚರ್ಚ್‌ಗೇಟ್‌ನಿಂದ ಲೋಕಲ್‌ನಲ್ಲಿ 60 ಕಿಲೋಮೀಟರ್. ಹೋಗಿಬರಲು ನಾಲ್ಕು ತಾಸು, ಪಾಳಿ ಹನ್ನೆರಡು. ಊಟ, ನಿದ್ದೆ, ಮಕ್ಕಳ ಮುಖ ಎಲ್ಲಕ್ಕೂ ಸೇರಿ ಉಳಿದದ್ದು ಎಂಟು.

ಈ ಹನ್ನೆರಡು ತಾಸಿನ ಪಾಳಿಯನ್ನು ಬದಲಿಸಲು ಹೊರಟವರು ದೊಡ್ಡ ಅಧಿಕಾರಿಯಲ್ಲ, ದೇವನಾರ್ ಠಾಣೆಯ ಕಾನ್‌ಸ್ಟೇಬಲ್ ರವೀಂದ್ರ ಪಾಟೀಲ. ಇದ್ದ ಸಿಬ್ಬಂದಿಯಲ್ಲೇ ಮೂರು ಪಾಳಿ ಹೊಂದಿಸಬಹುದು ಎಂದು ಅವರು ಪಟ್ಟಿ ಹಾಕಿ ತೋರಿಸಿದರು. ಆಗಿನ ಕಮಿಷನರ್ ದತ್ತಾ ಪಡ್ಸಲ್ಗೀಕರ್ ಒಪ್ಪಿದರು. 2016ರ ಮೇನಲ್ಲಿ ದೇವನಾರ್‌ನಲ್ಲಿ ಎಂಟು ತಾಸಿನ ಪಾಳಿ ಪ್ರಯೋಗಕ್ಕೆ ಬಂತು, ಆಮೇಲೆ ಉಳಿದ ಠಾಣೆಗಳಿಗೂ ಹಬ್ಬಿತು. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಅತಿ ದೊಡ್ಡ ಸಂಖ್ಯೆ ಆ ಒಬ್ಬ ಕಾನ್‌ಸ್ಟೇಬಲ್ಲೇ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ಇನ್ನೊಂದು ದಾರಿ ಹಿಡಿಯಿತು. ಚುನಾವಣೆಯ ವರ್ಷ ಅಧ್ಯಕ್ಷರಿಗೂ ಅಭ್ಯರ್ಥಿಗಳಿಗೂ ಹಗಲಿರುಳು ಕಾವಲು ಕಾದ ಸೀಕ್ರೆಟ್ ಸರ್ವಿಸ್ ಸಿಬ್ಬಂದಿಗೆ ಸಂಬಳದ ಮಿತಿ ಅಡ್ಡ ಬಂದು ಓವರ್‌ಟೈಮ್ ಹಣ ಪೂರ್ತಿ ಸಿಗುತ್ತಿರಲಿಲ್ಲ. ಆ ಮಿತಿ ಸಡಿಲಿಸಲು ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿತು.

ಮುಂಬಯಿಯ ಎಂಟು ತಾಸು ನಿಂತದ್ದು ಕಾನೂನಿನ ಮೇಲಲ್ಲ, ಬರೀ ಆದೇಶದ ಮೇಲೆ. 2020ರಲ್ಲಿ ಕೊರೊನಾ ಬಂದಾಗ ಪಾಳಿ ಮತ್ತೆ ಹನ್ನೆರಡಕ್ಕೆ ಏರಿತು. 2022ರ ಜನವರಿಯಲ್ಲಿ ಮಹಿಳಾ ಪೊಲೀಸರಿಗೆ ಎಂಟು ತಾಸು ಕೊಡಲು ಮತ್ತೊಂದು ಆದೇಶ ಹೊರಡಿಸಬೇಕಾಯಿತು. ಪೊಲೀಸ್ ಎಂಬುದು ಸಂವಿಧಾನದ ರಾಜ್ಯಪಟ್ಟಿಯ ವಿಷಯ. 28ನೇ ಕಲಮಿನ ಕೆಳಗೆ ಹೆಚ್ಚುವರಿ ತಾಸಿನ ಭತ್ಯೆಗೊಂದು ಉಪಕಲಮು ಸೇರಿಸಲು ಮಹಾರಾಷ್ಟ್ರ ವಿಧಾನಮಂಡಲ ದಿಲ್ಲಿಯ ಕಡೆ ನೋಡಬೇಕಾಗಿಲ್ಲ.