ಪುಟ್ಟ ವ್ಯಾಗನ್ನಿಗೆ ಎಷ್ಟು ಹೊರೆ?

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿಗೆ ರೈಲುಮಾರ್ಗವಿಲ್ಲ. ಕಾಡಂಚಿನ ಈ ಊರನ್ನು ಹಾದು ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ಸರಕೆಲ್ಲವೂ ಲಾರಿಗಳದ್ದು. ರೈಲನ್ನು ಕಾಣಬೇಕಾದರೆ ಚಾಮರಾಜನಗರಕ್ಕೋ ನಂಜನಗೂಡಿಗೋ ಹೋಗಬೇಕು. ಆದರೆ ಮೇಜಿನ ಮೇಲೆ ಮಾದರಿ ರೈಲನ್ನೋಡಿಸಲು ಯಾರ ಅಪ್ಪಣೆ ಬೇಕು? ಅದು ಹೊತ್ತ ಸರಕು ಮಾತ್ರ ದಿಟವಾದುದರಂತೆ ತೋರಬೇಕು, ಅಷ್ಟೆ.

ಹವ್ಯಾಸಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಎಚ್‌ಒ’ ಪ್ರಮಾಣದಲ್ಲಿ ಉದ್ದವು 87ರಲ್ಲಿ ಒಂದು ಪಾಲು. ಘನಗಾತ್ರವೋ, 87ನ್ನು ಮೂರು ಬಾರಿ ಗುಣಿಸಿದಾಗ ಬರುವ 6,58,503ರಲ್ಲಿ ಒಂದು ಪಾಲು! ಚಾಮರಾಜನಗರದ ಪ್ರಸಿದ್ಧ ಕರಿಕಲ್ಲನ್ನೇ ತೆಗೆದುಕೊಳ್ಳೋಣ. ಅದು ನೀರಿಗಿಂತ ಸುಮಾರು ಮೂರರಷ್ಟು ಸಾಂದ್ರ. 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ದಿಮ್ಮಿ 20 ಟನ್ನಿನಷ್ಟು ತೂಗುತ್ತದೆ. ಅದರ ಮಾದರಿ 34 ಮಿಲಿಮೀಟರ್ ಉದ್ದದ ಚೂರು; ಅದೇ ಕಲ್ಲಿನಿಂದ ಕತ್ತರಿಸಿದರೆ 30 ಗ್ರಾಮ್ ತೂಗಿ, ಲೆಕ್ಕ ತಾನಾಗಿಯೇ ಹೊಂದುತ್ತದೆ. ಆ ದಿಮ್ಮಿಗಳನ್ನು ವ್ಯಾಗನ್ನಿನ ತುಂಬ ಒಟ್ಟಬಾರದು. ಎರಡು ಮೂರು ಸಾಕು. ಉಳಿದ ಜಾಗ ಬರಿದಾಗಿರುವುದೇ ಸಹಜ.

ಅನೇಕರು ಎಡವುವುದು ಇಲ್ಲಿಯೇ. ನಮ್ಮ ರೈಲ್ವೆಯ ‘ಬಾಕ್ಸ್‌ಎನ್’ ತೆರೆದ ವ್ಯಾಗನ್ನಿನ ಒಳಗಾತ್ರ ಸುಮಾರು 56 ಘನಮೀಟರ್, ಮೂಲ ವಿನ್ಯಾಸದ ಹೊರೆ ಸುಮಾರು 58 ಟನ್. ಕಲ್ಲಿದ್ದಲು ಹಗುರ, ಅಂಚಿನವರೆಗೂ ತುಂಬಬಹುದು. ಬಳ್ಳಾರಿ-ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಘನಮೀಟರಿಗೆ ಎರಡೂವರೆ ಟನ್ ಎಂದಿಟ್ಟುಕೊಂಡರೆ, 23 ಘನಮೀಟರಿಗೇ ಹೊರೆ ಮುಗಿಯಿತು! ಪೆಟ್ಟಿಗೆಯ ಅರ್ಧಕ್ಕಿಂತಲೂ ಕಡಿಮೆ. ಮಾದರಿಯಲ್ಲಿ 22 ಮಿಲಿಮೀಟರ್ ಎತ್ತರದ ಗೋಡೆಗೆ 9 ಮಿಲಿಮೀಟರ್ ಅದಿರು. ಗೋಪುರದಂತೆ ಅದಿರು ತುಂಬಿದ ಮಾದರಿಯನ್ನು ಕಂಡರೆ ನಮಗೆ ನಗು ಬರುತ್ತದೆ.

ಹರಳಿನ ಗಾತ್ರವನ್ನೂ ಮರೆಯಬಾರದು. ಅಂಗೈಯಗಲದ ಅದಿರುಗಡ್ಡೆ ಇಲ್ಲಿ ಒಂದು ಮಿಲಿಮೀಟರ್ ಕಾಳಾಗುತ್ತದೆ. ಜರಡಿ ಹಿಡಿದು ಆರಿಸಬೇಕು. ರಾಶಿಯ ಇಳಿಜಾರು ಮಾತ್ರ ಕುಗ್ಗುವುದಿಲ್ಲ: ಒಣಗಿದ ಕಾಳು ದೊಡ್ಡ ರಾಶಿಯಲ್ಲಿಯೂ ಸಣ್ಣ ರಾಶಿಯಲ್ಲಿಯೂ ಹೆಚ್ಚುಕಡಿಮೆ ಒಂದೇ ಕೋನದಲ್ಲಿ ನಿಲ್ಲುತ್ತದೆ. ಆದುದರಿಂದ ಗುಡ್ಡೆಯನ್ನು ಕೆತ್ತುವ ಶ್ರಮವೇಕೆ? ಮೇಲಿನಿಂದ ಸುರಿದುಬಿಡಿ. ಅನಂತರ ನೀರು ಬೆರೆಸಿದ ಅಂಟನ್ನು ತೊಟ್ಟಿಕ್ಕಿಸಬೇಕು. ಬರಿಯ ಅಂಟುನೀರು ತನ್ನ ಮೇಲ್ಮೈ ಎಳೆತದಿಂದ ಗುಂಡಗಾಗಿ ನಿಂತು ಕಾಳುಗಳನ್ನು ಕೆದರುತ್ತದೆ. ಒಂದು ಹನಿ ಸಾಬೂನು ದ್ರವ ಸೇರಿಸಿದರೆ ಒಳಕ್ಕೆ ಇಂಗುತ್ತದೆ.

ಇನ್ನು ತೂಕ. 58 ಟನ್ ಅದಿರಿಗೆ ಸಲ್ಲುವುದು 88 ಗ್ರಾಮ್. ಪುಟ್ಟ ಎಂಜಿನ್ನಿಗೆ ಅಂಥ ಹತ್ತು ವ್ಯಾಗನ್ ಭಾರವಾದೀತು. ಆಗ ಹಗುರವಾದ ಸುಳ್ಳು ತಳವನ್ನಿಟ್ಟು ಮೇಲೆ ತೆಳ್ಳಗೆ ಅದಿರು ಹರಡುವುದುಂಟು. ತೀರ ಹಗುರವಾದರೂ ಅಪಾಯವೇ: ತಿರುವಿನಲ್ಲಿ ಮುಂದಿನ ಎಳೆತವೂ ಹಿಂದಿನ ಭಾರವೂ ಸೇರಿ ನಡುವಣ ವ್ಯಾಗನ್ನನ್ನು ಒಳಬದಿಗೆ ಜಗ್ಗಿ ಹಳಿ ತಪ್ಪಿಸುತ್ತವೆ. ಹಾಗಾಗದಂತೆ ಸುಳ್ಳು ತಳದ ಕೆಳಗೆ, ಗಾಲಿಗಳಿಗೆ ಆದಷ್ಟು ಹತ್ತಿರದಲ್ಲಿ, ಒಂದೆರಡು ಕಬ್ಬಿಣದ ವಾಷರುಗಳನ್ನು ಅಂಟಿಸಿ ಅಡಗಿಸಿಡಬೇಕು.