ಒಂದೇ ಸ್ವಿಚ್ಚು, ಹಲವು ಜಾಲ

ಪಾವಗಡ ತಾಲ್ಲೂಕಿನ ತಿರುಮಣಿ ಕಡೆಗೆ ಹೋದವರು ಸೌರಫಲಕಗಳ ಸಾಲುಗಳನ್ನು ನೋಡಿಯೇ ಇರುತ್ತಾರೆ. 2018ರಲ್ಲಿ ಉದ್ಘಾಟನೆಯಾದ ಈ ಸೌರ ಉದ್ಯಾನವು ಸುಮಾರು 13,000 ಎಕರೆಗಳಲ್ಲಿ ಹರಡಿದ್ದು, 2019ರ ಕೊನೆಗೆ ಅದರ ಸ್ಥಾಪಿತ ಸಾಮರ್ಥ್ಯ 2050 ಮೆಗಾವಾಟ್ ಮುಟ್ಟಿತು. ನೇರ ವಿದ್ಯುತ್ ಪ್ರವಾಹವನ್ನು ಪರ್ಯಾಯ ಪ್ರವಾಹವನ್ನಾಗಿಸಿ, ವೋಲ್ಟೇಜ್ ಏರಿಸಿ, ಉಪಕೇಂದ್ರಗಳ ಮೂಲಕ ಗ್ರಿಡ್‌ಗೆ ಕಳಿಸುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಉಪಕೇಂದ್ರದ ರಕ್ಷಣಾ ರಿಲೇಗಳು ಒಂದಕ್ಕೊಂದು ಮಾತನಾಡುವುದು ಹೇಗೆ? ಹಿಂದೆ ಪ್ರತಿ ಸಂಕೇತಕ್ಕೂ ಒಂದು ಜೊತೆ ತಾಮ್ರದ ತಂತಿ ಇರುತ್ತಿತ್ತು. ಐಇಸಿ 61850 ಎಂಬ ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸುವ ಉಪಕೇಂದ್ರಗಳಲ್ಲಿ ಆ ಕೆಲಸವನ್ನು ಈಥರ್‌ನೆಟ್ ಮಾಡುತ್ತದೆ. ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿರುವುದೂ ಅದೇ ಈಥರ್‌ನೆಟ್!

ಇಲ್ಲಿ ಸ್ವಿಚ್ ಎಂದರೆ ದೀಪದ ಗುಂಡಿಯಲ್ಲ. ಹಲವು ಪೋರ್ಟುಗಳುಳ್ಳ ಪೆಟ್ಟಿಗೆ. ದತ್ತಾಂಶವು ‘ಫ್ರೇಮ್’ ಎಂಬ ಕಂತುಗಳಲ್ಲಿ ಬರುತ್ತದೆ. ಪ್ರತಿ ಫ್ರೇಮಿನಲ್ಲೂ ಕಳಿಸಿದವರ ಮತ್ತು ಸೇರಬೇಕಾದವರ 48 ಬಿಟ್‌ಗಳ ಮ್ಯಾಕ್ ವಿಳಾಸಗಳಿರುತ್ತವೆ. ಕಳಿಸಿದವರ ವಿಳಾಸ ಯಾವ ಪೋರ್ಟಿನಿಂದ ಬಂತೆಂದು ಸ್ವಿಚ್ಚು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಬಂದ ಫ್ರೇಮನ್ನು ಆ ಪೋರ್ಟಿಗೆ ಮಾತ್ರ ಕೊಡುತ್ತದೆ. ಆದರೆ ‘ಎಲ್ಲರಿಗೂ’ ಅಥವಾ ‘ಒಂದು ಗುಂಪಿಗೆ’ ಎಂಬ ವಿಳಾಸ ಹೊತ್ತ ಫ್ರೇಮ್ ಬಂದರೆ? ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅದನ್ನು ಹಂಚುತ್ತದೆ. ತೊಂದರೆ ಹುಟ್ಟುವುದು ಇಲ್ಲಿ.

ಲೆಕ್ಕ ಹಾಕೋಣ. 50 ಹರ್ಟ್ಸ್ ಅಲೆಯ ಪ್ರತಿ ಆವರ್ತಕ್ಕೆ 80 ಸಲ ವೋಲ್ಟೇಜ್ ಹಾಗೂ ಪ್ರವಾಹಗಳನ್ನು ಅಳೆದು ಕಳಿಸುವ ಸಾಧನವೊಂದಿದೆ ಎನ್ನಿ. ಸೆಕೆಂಡಿಗೆ 4000 ಫ್ರೇಮುಗಳಾದವು. ಒಂದೊಂದೂ ಸುಮಾರು 140 ಬೈಟ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 4.5 ಮೆಗಾಬಿಟ್. ಇಂತಹ 22 ಸಾಧನಗಳಿದ್ದರೆ 100 ಮೆಗಾಬಿಟ್‌ನ ಕೊಂಡಿ ತುಂಬಿಹೋಗುತ್ತದೆ. ಇವೆಲ್ಲ ಗುಂಪು ವಿಳಾಸದ ಫ್ರೇಮುಗಳೇ ಆದ್ದರಿಂದ, ಬೇಡದ ರಿಲೇಗಳ ಬಾಗಿಲಿಗೂ ಹೋಗುತ್ತವೆ. ಅದೇ ಹೊತ್ತಿಗೆ ಎಲ್ಲೋ ದೋಷ ಕಾಣಿಸಿಕೊಂಡು ‘ಬ್ರೇಕರ್ ತೆರೆ’ ಎಂಬ ಸಂದೇಶ ಹೊರಟರೆ, ಅದು 3 ಮಿಲಿಸೆಕೆಂಡುಗಳಲ್ಲಿ ತಲಪಬೇಕು. ಪರ್ಯಾಯ ಪ್ರವಾಹದ ಒಂದು ಆವರ್ತಕ್ಕೇ 20 ಮಿಲಿಸೆಕೆಂಡು ಬೇಕೆಂಬುದನ್ನು ನೆನೆಯಿರಿ. ತಡವಾದಷ್ಟೂ ಪರಿವರ್ತಕದ ಸುರುಳಿಗಳು ದೋಷಪ್ರವಾಹದ ಕಾವನ್ನು ಸಹಿಸಬೇಕು.

ಪ್ರತಿ ಗುಂಪಿಗೂ ಬೇರೆ ಸ್ವಿಚ್ಚು, ಬೇರೆ ಕೇಬಲ್ ಹಾಕಬಹುದು, ಖರ್ಚು ದುಬಾರಿ. ಇದಕ್ಕಿಂತ ಸುಲಭದ ಉಪಾಯವೇ ವರ್ಚುಯಲ್ ಲ್ಯಾನ್, ಅಂದರೆ ವಿ-ಲ್ಯಾನ್. ಇದರ ಮಾನಕ, ಐಇಇಇ 802.1ಕ್ಯು, 1998ರಲ್ಲಿ ಪ್ರಕಟವಾಯಿತು. ಕಳಿಸಿದವರ ವಿಳಾಸದ ಬೆನ್ನಿಗೇ ಫ್ರೇಮಿನೊಳಗೆ 4 ಬೈಟ್‌ಗಳ ಚೀಟಿಯೊಂದನ್ನು ಸೇರಿಸಲಾಗುತ್ತದೆ. ಮೊದಲ 16 ಬಿಟ್ ‘ಇದು ಚೀಟಿ’ ಎಂಬ ಗುರುತು. ಮುಂದಿನ 3 ಬಿಟ್ ಆದ್ಯತೆ, 0ಯಿಂದ 7ರವರೆಗೆ. ಇನ್ನೊಂದು ಬಿಟ್, ದಟ್ಟಣೆಯಾದಾಗ ಫ್ರೇಮನ್ನು ಕೈಬಿಡಬಹುದೇ ಎಂಬುದಕ್ಕೆ. ಉಳಿದ 12 ಬಿಟ್ ವಿ-ಲ್ಯಾನ್ ಸಂಖ್ಯೆ. ಎರಡರ 12ನೆಯ ಘಾತ 4096; ಅದರಲ್ಲಿ 0 ಮತ್ತು 4095 ಕಾದಿರಿಸಿದವು, ಬಳಕೆಗೆ 4094. ಫ್ರೇಮಿನ ಗರಿಷ್ಠ ಉದ್ದ 1518ರಿಂದ 1522 ಬೈಟ್‌ಗೆ ಏರಿತು.

ಈಗ ಸ್ವಿಚ್ಚು ಪ್ರತಿ ವಿ-ಲ್ಯಾನ್‌ಗೂ ತಾನು ಬೇರೆಯೇ ಸ್ವಿಚ್ಚು ಎಂಬಂತೆ ವರ್ತಿಸುತ್ತದೆ. 10ನೆಯ ಸಂಖ್ಯೆಯ ಫ್ರೇಮು ಆ ಸಂಖ್ಯೆಗೆ ಸೇರಿದ ಪೋರ್ಟುಗಳಿಗೆ ಮಾತ್ರ ಹೋದೀತು. ಸಾಮಾನ್ಯ ಗಣಕಕ್ಕೆ ಚೀಟಿಯ ಗೊಡವೆಯೇ ಇಲ್ಲ. ಅದರ ಫ್ರೇಮು ಯಾವ ವಿ-ಲ್ಯಾನ್‌ಗೆ ಸೇರಿದ್ದೆಂದು ಪೋರ್ಟನ್ನು ನೋಡಿಯೇ ಸ್ವಿಚ್ಚು ತೀರ್ಮಾನಿಸುತ್ತದೆ. ಇದು ‘ಆಕ್ಸೆಸ್’ ಪೋರ್ಟು. ಎರಡು ಸ್ವಿಚ್ಚುಗಳ ನಡುವಿನ ‘ಟ್ರಂಕ್’ ಕೊಂಡಿಯಲ್ಲಿ ಮಾತ್ರ ಹಲವು ವಿ-ಲ್ಯಾನ್‌ಗಳ ಫ್ರೇಮುಗಳು ಚೀಟಿ ಹೊತ್ತು ಒಂದೇ ತಂತಿಯಲ್ಲಿ ಸಾಗುತ್ತವೆ. ರಿಲೇಗಳು ಹೀಗಲ್ಲ, ಚೀಟಿಯನ್ನು ತಾವೇ ಅಂಟಿಸಿ ಕಳಿಸಬಲ್ಲವು. ಬ್ರೇಕರ್ ಸಂದೇಶದ ಆದ್ಯತೆ ಸಾಮಾನ್ಯವಾಗಿ 4. ದಟ್ಟಣೆಯಿದ್ದರೂ ಆದ್ಯತೆ ಕಡಿಮೆಯಿರುವ ಫ್ರೇಮುಗಳಿಗಿಂತ ಅದು ಮೊದಲು ಹೊರಡುತ್ತದೆ.

ಒಂದು ವಿ-ಲ್ಯಾನ್‌ನಿಂದ ಮತ್ತೊಂದಕ್ಕೆ ಹೋಗಲು ರೌಟರ್ ಬೇಕು. ಬ್ರೇಕರ್ ಸಂದೇಶವಾದರೋ ಐಪಿ ವಿಳಾಸವಿಲ್ಲದೆ ನೇರವಾಗಿ ಈಥರ್‌ನೆಟ್ ಮೇಲೆ ಹೋಗುವಂಥದ್ದು. ರೌಟರ್ ಅದನ್ನು ದಾಟಿಸದು. ಹೀಗಾಗಿ ಪೋರ್ಟೊಂದಕ್ಕೆ 20ರ ಬದಲು 21 ಎಂದು ಬರೆದುಬಿಟ್ಟರೆ ಸಾಕು: ಕೇಬಲ್ ಸರಿಯಿದೆ, ಹಸಿರು ದೀಪ ಮಿನುಗುತ್ತಿದೆ, ಆದರೆ ಸಂದೇಶ ತಲಪುವುದಿಲ್ಲ. ಈ ಕಾರಣಕ್ಕೇ ಒಳ್ಳೆಯ ವಿನ್ಯಾಸದಲ್ಲಿ ರಿಲೇಗಳು ದೋಷವಿಲ್ಲದ ಹೊತ್ತಿನಲ್ಲೂ ತಮ್ಮ ಸ್ಥಿತಿಯನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತವೆ. ನಿಗದಿತ ಅವಧಿಯಲ್ಲಿ ಸಂದೇಶ ಬಾರದಿದ್ದರೆ, ಕೇಳುತ್ತಿರುವ ರಿಲೇ ಎಚ್ಚರಿಕೆ ನೀಡುತ್ತದೆ.